ಕುದುರೆ ಬಾಯಿ ಹಾಕಿದ ಹುಲ್ಲು

ಆ ಹುಲ್ಲಿನ ವ್ಯಾಪಾರಿಯ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಇಳಿಸಿಕೊಳ್ಳುವ ಮನಸ್ಸೂ ಇಲ್ಲ.

ಯುದ್ಧದ ಕಾಲ. ನಾನು ಶಿವಮೊಗ್ಗದ ಸ್ಟೇಷನ್ ಮುಂದೆ ಜಟಕಾ ಹೊಡೆಯುತ್ತಿದ್ದೆ. ನನ್ನ ಹೆಣ್ಣುಕುದುರೆಗೆ ವಯಸ್ಸಾಗಿತ್ತು, ಆದರೂ ನಮ್ಮ ಮನೆಯ ಒಲೆ ಉರಿಯುತ್ತಿದ್ದುದು ಅವಳಿಂದಲೇ. ಅಕ್ಕಿ, ಸೀಮೆಎಣ್ಣೆ ತುಟ್ಟಿಯಾದದ್ದನ್ನು ಊರೆಲ್ಲ ಆಡಿಕೊಂಡಿತು. ಹುಲ್ಲು ತುಟ್ಟಿಯಾದದ್ದು ನಮ್ಮ ಹೊರತು ಯಾರಿಗೂ ಬೇಕಾಗಿರಲಿಲ್ಲ. ಕಬ್ಬಿಣದ ಕಾರ್ಖಾನೆಗೆ ಸೌದೆ ಎಳೆಯುವ ಎತ್ತುಗಳಿಗೆಂದು ಗಾಡಿಗಟ್ಟಲೆ ಹುಲ್ಲು ಭದ್ರಾವತಿ ಕಡೆ ಹೋಗುತ್ತಿತ್ತು. ಉಳಿದದ್ದಕ್ಕೆ ಈ ವ್ಯಾಪಾರಿ ಬಾಯಿಗೆ ಬಂದ ಬೆಲೆ ಹೇಳುತ್ತಿದ್ದ.

ನಮ್ಮ ಜಟಕಾದವರಲ್ಲಿ ಒಂದು ಕಟ್ಟುಪಾಡಿತ್ತು. ಹೊರೆಯಿಂದ ಒಂದು ಹಿಡಿ ಹುಲ್ಲು ಕಿತ್ತು ಕುದುರೆಗೆ ಒಡ್ಡಬೇಕು. ಅದು ಬಾಯಿ ಹಾಕಿದರೆ ವ್ಯಾಪಾರ ಮುಗಿಯಿತು. ಆಮೇಲೆ ಚೌಕಾಸಿ ಮಾಡುವವನು ಗಂಡಸೇ ಅಲ್ಲ. ಬೆಲೆಯನ್ನು ಮೊದಲೇ ಹೇಳುತ್ತಿದ್ದ ಕಾಲಕ್ಕೆ ಇದು ಸರಿಯಾಗಿಯೇ ಇತ್ತು. ಈ ಪುಣ್ಯಾತ್ಮ ಅಂಗಡಿ ಮುಂದಿನ ರಸ್ತೆಗೇ ಹುಲ್ಲು ಚೆಲ್ಲಿಡತೊಡಗಿದ. ಹಸಿದ ಕುದುರೆ ಕತ್ತು ಬಗ್ಗಿಸಿದ ಕೂಡಲೇ ಒಳಗಿಂದ ಎದ್ದು ಬಂದು ದುಪ್ಪಟ್ಟು ಬೆಲೆ ಹೇಳುತ್ತಿದ್ದ. ನಾವು ದೊಡ್ಡ ಮಾನವಂತರು, ಕೊಡುತ್ತಿದ್ದೆವು. ಒಂದು ಸಂಜೆ ನಾನೂ ಕೊಟ್ಟೆ.

"ಕುದುರೆ ಬಾಯಿ ಹಾಕ್ತು ಅಂತ ನೀವು ಬಾಯಿ ಮುಚ್ಕೊಂಡು ಬಂದ್ರಾ?" ಎಂದಳು ನನ್ನ ಹೆಂಡತಿ.

ಆ ಮಾತು ಚುಚ್ಚಿತು. ತಂದ ಹೊರೆ ಮುಗಿದ ಮಾರನೆಯ ಬೆಳಿಗ್ಗೆ, ಎತ್ತಿನ ಬಾಯಿಗೆ ಕಟ್ಟುವ ಹಗ್ಗದ ಕುಕ್ಕೆಯನ್ನು ಕುದುರೆಯ ಮೂತಿಗೆ ಬಿಗಿದು ಅಂಗಡಿ ಮುಂದೆ ನಿಲ್ಲಿಸಿದೆ. ತಿಂಗಳುಗಳಿಂದ ಅರೆಹೊಟ್ಟೆಯಲ್ಲಿದ್ದವಳು ಹುಲ್ಲಿಗೆ ಮೂತಿ ಒತ್ತಿ ಒತ್ತಿ ನೋಡಿದಳು.

"ಈಗ ಹೇಳು ಬೆಲೆ" ಎಂದೆ.

ಅವನು ಮೊದಲಿಗಿಂತಲೂ ಹೆಚ್ಚು ಹೇಳಿದ. "ಹಸಿವು ಅದಕ್ಕೆ, ಹಟ ನಿನಗೆ. ಎಷ್ಟೊತ್ತು ನಿಲ್ತೀಯೋ ನಿಲ್ಲು ಮಾರಾಯ. ನನಗೇನೂ ಅವಸರ ಇಲ್ಲ."

ಉಳಿದ ಜಟಕಾದವರು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಭದ್ರಾವತಿಯಲ್ಲಿ ಹುಲ್ಲು ರಾಶಿ ಬಿದ್ದಿದೆ, ಅಲ್ಲೇ ಕೊಳ್ಳುತ್ತೇನೆ ಎಂದು ಎಲ್ಲರಿಗೂ ಕೇಳುವಂತೆ ಕೂಗಿ ಗಾಡಿ ತಿರುಗಿಸಿದೆ. ಹತ್ತು ಹನ್ನೆರಡು ಮೈಲಿ, ನೆತ್ತಿ ಸುಡುವ ಬಿಸಿಲು. ದಾರಿಯುದ್ದಕ್ಕೂ ಅವನಿಗೆ ಬೈಯುತ್ತಾ ಇವಳಿಗೆ ಚಾಟಿ ಬೀಸಿದೆ. ಕೆರೆ ಕಂಡಲ್ಲಿ ಅವಳು ಪಕ್ಕಕ್ಕೆ ಎಳೆದಳು. ನಾನು ಲಗಾಮು ಜಗ್ಗಿದೆ. ಕುಕ್ಕೆ ಬಿಚ್ಚಿ ಒಂದು ಗುಟುಕು ನೀರು ಕುಡಿಸಬೇಕೆಂದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಭದ್ರಾವತಿ ಸೇರುವ ಹೊತ್ತಿಗೆ, ಜನ್ನಾಪುರದ ಹತ್ತಿರ ಮುಂಗಾಲು ಮಡಿಸಿ ಬಿದ್ದಳು. ಕುಕ್ಕೆ ಕತ್ತರಿಸಿ ಎಸೆದು, ಪಕ್ಕದಲ್ಲೇ ಹುಲ್ಲು ಮಾರುತ್ತಿದ್ದ ಮುದುಕನ ಬಳಿ ಓಡಿದೆ. ಬೆಲೆ ಶಿವಮೊಗ್ಗಕ್ಕಿಂತ ಹೆಚ್ಚಿತ್ತು. ತುಟಿ ಬಿಚ್ಚದೆ ಕೊಟ್ಟೆ. ನೀರು ಎರೆದೆ, ಹುಲ್ಲನ್ನು ಹಲ್ಲಿನ ನಡುವೆ ತುರುಕಿದೆ. ಅದು ಅಲ್ಲೇ ಉಳಿಯಿತು. ಸ್ವಲ್ಪ ಹೊತ್ತಿಗೆ ಅವಳ ಉಸಿರು ನಿಂತಿತು.

ಹಿಂದೆಯೇ ಬಂದು ನಿಂತಿದ್ದ ಮುದುಕ ನಾನು ಕೊಟ್ಟ ದುಡ್ಡನ್ನು ನನ್ನ ಮುಂದೆ ಹಿಡಿದ. "ಕುದುರೆ ಬಾಯಿ ಹಾಕಲಿಲ್ವಲ್ಲಪ್ಪ. ನಿಮ್ಮ ಕಟ್ಟುಪಾಡು ನಂಗೂ ಗೊತ್ತು. ತಗೋ."

ಆ ದಿನ ನನ್ನೊಡನೆ ನ್ಯಾಯವಾಗಿ ನಡೆದುಕೊಂಡವನು ಅವನೊಬ್ಬನೇ. ನಾನು ಅವನ ಕೆನ್ನೆಗೆ ಹೊಡೆದೆ.