ಅಪ್ಪನ ಹೊಟ್ಟೆನೋವು

ಕರೋಲ್ ಬಾಗ್‌ನಿಂದ ಮಾನೇಸರ್‌ಗೆ ಹೋಗುವ ನಮ್ಮ ಫ್ಯಾಕ್ಟರಿ ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟು ನನ್ನದೆಂದು ಯಾರೂ ಬರೆದುಕೊಟ್ಟಿರಲಿಲ್ಲ. ಆದರೂ ಅಲ್ಲಿ ಬೇರೆಯವರು ಕೂತರೆ ನನ್ನ ಹೊಟ್ಟೆಯಲ್ಲಿ ಆಗಲೇ ನುಲಿತ ಶುರುವಾಗುತ್ತಿತ್ತು. ದೆಹಲಿಗೆ ಬಂದವರು ಕೋಟೆ, ಮಿನಾರುಗಳನ್ನು ನೋಡುತ್ತಾರೆ; ನಾನು, ಸ್ನೇಹಿತರೇ, ಹೆದ್ದಾರಿಯ ಯಾವ ಪೆಟ್ರೋಲ್ ಬಂಕಿನ ಹೆಂಗಸರ ಶೌಚಾಲಯಕ್ಕೆ ಚಿಲಕವಿದೆ ಎಂಬ ವಿದ್ಯೆಯಲ್ಲಿ ಪಾರಂಗತಳಾದೆ. ನಗಬೇಡಿ. ಒಂದೂವರೆ ಗಂಟೆಯ ಆ ಪಯಣದಲ್ಲಿ ಹಲ್ಲು ಕಚ್ಚಿ ಬೆವರುತ್ತಿದ್ದವಳಿಗೆ ನಗು ಬರುತ್ತಿರಲಿಲ್ಲ.

ನಿಜವಾದ ಭಯ ಬೇರೆಯೇ ಇತ್ತು. ಅಪ್ಪ ತೀರಿಕೊಂಡದ್ದು ಕರುಳಿನ ಕ್ಯಾನ್ಸರಿನಿಂದ, ನಲವತ್ತಾರನೆಯ ವಯಸ್ಸಿಗೆ. ನಮ್ಮ ಮನೆಯಲ್ಲಿ ಆ ಪದವನ್ನು ಆಡುವುದಿಲ್ಲ. ಯಾರೇ ಕೇಳಿದರೂ ಅಮ್ಮ ‘ಹೊಟ್ಟೆನೋವಿನಲ್ಲಿ ಹೋದರು’ ಎನ್ನುತ್ತಾಳೆ. ಹಾಗಾಗಿ ನನ್ನ ಪಾಲಿಗೆ ಹೊಟ್ಟೆನೋವೆಂಬುದು ಸಣ್ಣ ಕಾಯಿಲೆಯಾಗಿ ಉಳಿದಿರಲೇ ಇಲ್ಲ.

ನಮ್ಮ ಗಲ್ಲಿಯ ಡಾಕ್ಟರಮ್ಮ ವಯಸ್ಸಾದ ಪಂಜಾಬಿ ಹೆಂಗಸು. ಮುಜುಗರದ ಪ್ರಶ್ನೆಗಳನ್ನೆಲ್ಲ ತರಕಾರಿಯ ಬೆಲೆ ವಿಚಾರಿಸಿದಷ್ಟು ಸಹಜವಾಗಿ ಹಿಂದಿಯಲ್ಲಿ ಕೇಳಿದರು: ಶೌಚಕ್ಕೆ ಹೋಗಿಬಂದರೆ ನೋವು ಇಳಿಯುತ್ತದೆಯೇ, ನಿದ್ದೆಯಿಂದ ಎಬ್ಬಿಸುತ್ತದೆಯೇ, ರಕ್ತ ಕಂಡಿದೆಯೇ, ತೂಕ ಇಳಿದಿದೆಯೇ, ಭಾನುವಾರ ಹೇಗಿರುತ್ತದೆ? ಭಾನುವಾರ ನೋವು ಕಡಿಮೆ ಎಂದಾಗ ತಲೆಯಾಡಿಸಿ ಬರೆದುಕೊಂಡರು. ಎಲ್ಲಕ್ಕೂ ನಿಜವನ್ನೇ ಹೇಳಿದೆ. “ಮನೆಯಲ್ಲಿ ಯಾರಿಗಾದರೂ ಕರುಳಿನ ಕಾಯಿಲೆ ಇತ್ತಾ?” ಎಂದಾಗ ಮಾತ್ರ ಇಲ್ಲವೆಂದೆ. ಬಾಯಿಬಿಟ್ಟು ಹೇಳಿದರೆ ನನಗೂ ಅದೇ ಆಗಿಬಿಡುತ್ತದೆ ಎಂಬ ಹೆದರಿಕೆ. ಎಂಜಿನಿಯರಿಂಗ್ ಓದಿದವಳ ತಿಳಿವಳಿಕೆ ಅಷ್ಟು!

ರಕ್ತಪರೀಕ್ಷೆ ಸರಿಯಾಗಿಯೇ ಬಂತು. “ಇದು ಐಬಿಎಸ್, ಬೇಟಾ. ಕರುಳಿಗೆ ಗಾಯ ಏನಿಲ್ಲ, ಸಣ್ಣದಕ್ಕೂ ರೇಗುತ್ತೆ ಅಷ್ಟೆ. ನೋವು ಸುಳ್ಳಲ್ಲ, ಆದರೆ ಪ್ರಾಣಕ್ಕೇನೂ ಭಯವಿಲ್ಲ” ಎಂದು, ಚಹಾ ಕಡಿಮೆ ಮಾಡಲು, ಹೊತ್ತಿಗೆ ಸರಿಯಾಗಿ ಉಣ್ಣಲು ಹೇಳಿ, ಇಸಬ್‌ಗೋಲನ್ನೂ ನುಲಿತಕ್ಕೊಂದು ಮಾತ್ರೆಯನ್ನೂ ಬರೆದುಕೊಟ್ಟರು. ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ನಾನು ಮುಚ್ಚಿಟ್ಟದ್ದು ಗೊತ್ತಿಲ್ಲದೆ ಅವರು ಕೊಟ್ಟ ಧೈರ್ಯವನ್ನು ನಾನು ಹೇಗೆ ನಂಬಲಿ? ಬಾಗಿಲವರೆಗೆ ಹೋದವಳು ತಿರುಗಿ ಬಂದು ಅಪ್ಪನ ವಿಷಯ ಹೇಳಿದೆ.

ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟರು. “ಇದನ್ನ ಮೊದಲೇ ಹೇಳಬೇಕಿತ್ತಲ್ಲ. ಚಲೋ, ಒಳಗೆ ನೋಡಿಯೇ ಬಿಡೋಣ.”

ಕರುಳಿಗೆ ಕ್ಯಾಮೆರಾ ಇಳಿಸಿ ನೋಡುವ ಆ ಪರೀಕ್ಷೆಗೆ ಕಾದ ನಾಲ್ಕು ದಿನ ನನ್ನ ಜೀವ ಕೈಯಲ್ಲಿತ್ತು. ಒಳಗೆ ಏನೂ ಇರಲಿಲ್ಲ. ಡಾಕ್ಟರಮ್ಮ ಹೇಳಿದ್ದೇ ನಿಜವಾಗಿತ್ತು.

ಆಸ್ಪತ್ರೆಯ ಹೊರಗಿನ ಎಸ್‌ಟಿಡಿ ಬೂತಿನಿಂದ ಅಮ್ಮನಿಗೆ ಎಲ್ಲವನ್ನೂ ಹೇಳಿದೆ. “ಅಮ್ಮಾ, ನಂಗೆ ಕ್ಯಾನ್ಸರ್ ಇಲ್ಲ” ಎಂದೆ. ನಮ್ಮಿಬ್ಬರ ನಡುವೆ ಆ ಪದ ಬಂದದ್ದು ಅದೇ ಮೊದಲು.

“ನಿಮ್ಮಪ್ಪ ರಕ್ತ ಹೋಗ್ತಿದ್ದಿದ್ದನ್ನ ಒಂದು ವರ್ಷ ಯಾರಿಗೂ ಹೇಳ್ಲಿಲ್ಲ ಕಣೆ” ಎಂದಳು ಅಮ್ಮ. “ನೀನು ಹೇಳಿದ್ಯಲ್ಲ.”