ಚೆನ್ನೆಮಣೆ ತಂದ ಗಣಿತ ಟೀಚರ್

ಸಂಜೆ ಶಾಲೆ ಬಿಡುವ ಹೊತ್ತಿಗೆ ನಮ್ಮ ಗಣಿತ ಟೀಚರ ಸೀರೆ ಮೊಣಕಾಲಿನ ಹತ್ತಿರ ಕೆಂಪಾಗಿರುತ್ತಿತ್ತು. ಕ್ಲಾಸಿನ ಕಾವಿ ನೆಲದ ಬಣ್ಣ ಅದು. ಅವರು ಕುರ್ಚಿಯಲ್ಲಿ ಕೂತು ಪಾಠ ಮಾಡಿದ್ದನ್ನು ನಾನು ನೋಡಿಯೇ ಇಲ್ಲ. ನಮ್ಮ ನಡುವೆ ಮೊಣಕಾಲೂರಿ ಕೂತು, ನಮಗಿಂತ ಜೋರಾಗಿ ನಗುತ್ತಿದ್ದರು.

ಬಿಕರ್ನಕಟ್ಟೆಯಲ್ಲಿ ಅವರ ಮನೆ. ಮನೆಮಾತು ಕೊಂಕಣಿ, ನಮ್ಮೊಡನೆ ಕನ್ನಡ, ಕೋಪ ಬಂದರೆ ತುಳು. ನಾನಾಗ ಐದನೇ ಕ್ಲಾಸು. ಭಾಗಾಕಾರವೆಂದರೆ ನನಗೆ ಅಳುವೇ ಬರುತ್ತಿತ್ತು.

"ಗಣಿತದ ಪೀರಿಯಡ್‌ಗೆ ಮಾತ್ರ ನಿಂಗೆ ಹೊಟ್ಟೆನೋವು ಬರುವುದು ಎಂತಕ್ಕೆ ಮಾರಾಯ್ತಿ?" ಎಂದು ಒಂದು ದಿನ ಕೇಳಿದರು. ಮರುದಿನ ಚೆನ್ನೆಮಣೆ ತಂದರು. ನಮ್ಮ ಅಜ್ಜಿಯಂದಿರು ಮಳೆಗಾಲದ ಆಟಿ ತಿಂಗಳಲ್ಲಿ ಆಡುತ್ತಿದ್ದ, ಗುಳಿಗುಳಿಗೆ ಬೀಜ ಹಂಚುತ್ತಾ ಹೋಗುವ ಅದೇ ಮರದ ಹಲಗೆ. ಹಂಚುವುದೇ ಭಾಗಾಕಾರ ಎಂದರು. ವಾರದೊಳಗೆ ನನ್ನ ಹೊಟ್ಟೆನೋವು ಹೋಯಿತು, ಕ್ಲಾಸಿನಲ್ಲಿ ಗಲಾಟೆ ಹೆಚ್ಚಾಯಿತು.

ಹೆಡ್‌ಮಾಸ್ಟ್ರು ಬಂದೇಬಿಟ್ಟರು. "ಇದೆಂತ ಟೀಚರ್, ಮಾರ್ಕೆಟಾ? ಪರೀಕ್ಷೆಗೂ ಬೀಜ ತರ್ತಾರಾ ಇವರು? ನಾಳೆಯಿಂದ ಇದು ಬೇಡ."

"ಬೇಡ ಅಂದ್ರೆ ಬಿಡ್ತೇನೆ ಸರ್. ಅದಕ್ಕೆ ಮೊದಲು ಯಾರನ್ನಾದ್ರೂ ಒಂದು ಲೆಕ್ಕ ಕೇಳಿ ನೋಡಿ."

ಹೆಡ್‌ಮಾಸ್ಟ್ರ ಬೆರಳು ನನ್ನ ಕಡೆಗೇ ತಿರುಗಬೇಕೇ! "ಐವತ್ತಾರನ್ನು ಆರು ಜನಕ್ಕೆ ಹಂಚು."

"ಎಂಟೆಂಟು ಸರ್. ಎಂಟು ಉಳೀತದೆ."

ಹಿಂದೆ ಕೂತವರು ನಕ್ಕರು. ನನ್ನಿಂದಾಗಿ ಆಟವೇ ನಿಲ್ಲುತ್ತದಲ್ಲ! ಟೀಚರ್ ಮಾತ್ರ ತಪ್ಪೆನ್ನಲಿಲ್ಲ. "ಉಳಿದದ್ದನ್ನು ಎಂತ ಮಾಡ್ತಿ?" ಎಂದಷ್ಟೇ ಕೇಳಿದರು.

ಇಲ್ಲದ ಬೀಜಗಳನ್ನು ಗಾಳಿಯಲ್ಲೇ ಹಂಚಿದೆ. "ಇನ್ನೊಂದು ಸುತ್ತು ಹಾಕ್ಬಹುದು! ಒಂಬತ್ತು ಸರ್, ಉಳಿಯುವುದು ಎರಡು!"

ಹೆಡ್‌ಮಾಸ್ಟ್ರು ಬಾಗಿಲ ಕಡೆ ತಿರುಗಿದರು. "ಬಾಗಿಲು ಹಾಕಿಕೊಂಡು ಆಡಿ" ಎಂದು ಹೊರಟುಹೋದರು.

ಆಮೇಲೆ ನಾನು ಮೆಲ್ಲಗೆ, "ನಾನು ತಪ್ಪು ಹೇಳಿ ನಿಮ್ಮ ಮರ್ಯಾದೆ ಹೋಯ್ತಲ್ಲ ಟೀಚರ್" ಎಂದೆ.

"ಹೋಗುವುದೆಂತ? ಎಲ್ಲರೆದುರು ನೀನೇ ಸರಿ ಮಾಡಿದಿಯಲ್ಲ. ಅದು ದೊಡ್ಡವರಿಗೂ ಕಷ್ಟ ಉಂಟು."

ಈಗ ನಾನು ನರ್ಸ್. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಮಗುವಿನ ಔಷಧದ ಪ್ರಮಾಣವನ್ನು ತಪ್ಪಾಗಿ ಬರೆದಿದ್ದೆ. ಕೊಡುವ ಮೊದಲೇ ಕಣ್ಣಿಗೆ ಬಿತ್ತು. ಯಾರೂ ನೋಡಿರಲಿಲ್ಲ, ಹೊಡೆದುಹಾಕಿ ಸುಮ್ಮನಿರಬಹುದಿತ್ತು. ನೇರ ಹೋಗಿ ಡಾಕ್ಟರಿಗೆ ಹೇಳಿದೆ. ಅವರು ಗದರಿದರು, ಮತ್ತೆ ನನ್ನನ್ನು ಕೂರಿಸಿಕೊಂಡು ಎಲ್ಲ ಚೀಟಿಗಳನ್ನೂ ಪರೀಕ್ಷಿಸಿದರು. ಮೂರನೇ ದಿನ ಮಗು ನಗುತ್ತಾ ಮನೆಗೆ ಹೋಯಿತು.

ಈ ಸಂಗತಿಯನ್ನು ಟೀಚರಿಗೆ ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಕಳೆದ ವರ್ಷ ಅವರು ತೀರಿಕೊಂಡರು. ನಾನಿನ್ನೂ ಹೇಳಿರಲಿಲ್ಲ.