ಕೆಂಪು ಕೊಡದ ಬಾವಿ

ಪುಂಜಾಲಕಟ್ಟೆಯ ಲಲಿತಕ್ಕನ ಜಗಲಿಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಏನಾಯಿತೆಂದು ನನಗಿನ್ನೂ ಸರಿಯಾಗಿ ತಿಳಿದಿಲ್ಲ.

ತೋಡಾರಿನ ತಂಗಿಯ ಮಗುವಿಗೆ ಕೆಂಪು ಟೋಪಿ ಹೆಣೆಯಬೇಕೆಂದು ಎರಡು ಲಡಿ ಬಿಳಿ ಹತ್ತಿನೂಲು ತಂದಿದ್ದೆ. ಮನೆಯಲ್ಲೇ ನೂಲಿಗೆ ಬಣ್ಣ ಹಾಕುವ ಲಲಿತಕ್ಕ ಗುಡ್ಡೆಯಿಂದ ಸಾಗುವಾನಿಯ ಚಿಗುರು ಕಿತ್ತು ತಂದು ನನ್ನ ಅಂಗೈಗೆ ಉಜ್ಜಿದರು. ಅಂಗೈ ರಕ್ತಗೆಂಪಾಯಿತು. ಅದೇ ಚಿಗುರನ್ನು ಕುದಿಸಿ ಒಂದು ಲಡಿ ಅದ್ದಿದರು. ಎತ್ತಿದಾಗ ನೂಲಿಗೆ ನೇರಳೆಹಣ್ಣು ತಿಂದ ನಾಲಗೆಯ ಬಣ್ಣ!

“ಕೆಂಪು ಎಲ್ಲಿ ಹೋಯಿತು?” ಎಂದೆ.

“ನಮ್ಮ ಬಾವಿ ನೀರಿನಲ್ಲಿ ಕಬ್ಬಿಣದ ಅಂಶ ಉಂಟು. ಅದರಲ್ಲಿ ಕೆಂಪು ಬರುವುದಿಲ್ಲ. ಮಿಜಾರಿನಲ್ಲಿ ನನ್ನ ಅಕ್ಕ ಇದೇ ಚಿಗುರು ಕುದಿಸಿದರೆ ಕೆಂಪೇ ಬರ್ತದೆ.”

“ಮೊದಲೇ ಹೇಳಬಾರದಿತ್ತಾ?”

“ನೀವು ಚಿಗುರು ಕೇಳಿದ್ದಲ್ವಾ? ನೀರಿನ ವಿಷಯ ಕೇಳಲೇ ಇಲ್ಲ.”

ಉಳಿದ ಚಿಗುರನ್ನು ಬಾಳೆಲೆಯಲ್ಲಿ ಕಟ್ಟಿಕೊಡುತ್ತಾ, “ಇನ್ನೊಂದು ಲಡಿ ತಂಗಿಯ ಮನೆಯಲ್ಲೇ ಅದ್ದಿ. ಅಲ್ಲಿಯ ನೀರು ಹೇಗುಂಟು?” ಎಂದರು.

ಏಳು ವರ್ಷಗಳಿಂದ ತಂಗಿಯ ಮನೆಯ ನೀರು ಕುಡಿಯುತ್ತಾ ಬಂದವಳು ನಾನು. ಆದರೂ ಕೇಳಿ ತಿಳಿಯಬೇಕಾಯಿತು. ತಂಗಿಗೇ ಫೋನ್ ಮಾಡಿದೆ.

“ನಿಮ್ಮ ಬಾವಿ ನೀರು ಎಂಥ ಬಣ್ಣ ಕೊಡ್ತದೆ?”

“ನೀರು ಎಂಥ ಬಣ್ಣ ಕೊಡುವುದು ಅಕ್ಕಾ? ಬಿಸಿಲಲ್ಲಿ ತಿರುಗಿದ್ದು ಜಾಸ್ತಿ ಆಯ್ತಾ? ಮೊದಲು ಒಂದು ಲೋಟ ನೀರು ಕುಡಿ.”

ಲಲಿತಕ್ಕ ಆಗಲೇ ಬೆಲ್ಲದ ತುಂಡಿನೊಂದಿಗೆ ತಮ್ಮ ಬಾವಿಯ ನೀರನ್ನು ನನ್ನ ಮುಂದಿಟ್ಟಿದ್ದರು. ಗಟಗಟ ಕುಡಿದೆ. ಅವರು ಒಳಗೆ ಹೋದ ಮೇಲೆ, ಫೋನಿನ ಕ್ಯಾಮೆರಾ ತೆರೆದು ನಾಲಗೆ ಚಾಚಿ ಬಣ್ಣ ನೋಡಿಕೊಂಡೆ.